ಅಂಗವಿಕಲರ ಸ್ವಸಹಾಯ ಸಂಘ ಕಟ್ಟುವುದು ಹೇಗೆ: ಮೊದಲ ಮನೆಯಿಂದ ಗ್ರಾಮ ಸಭೆಯವರೆಗೆ

ನಮ್ಮೂರಿನಲ್ಲಿ ಅಂಗವಿಕಲರ ಸಂಘ ಕಟ್ಟಬೇಕು, ಎಲ್ಲಿಂದ ಶುರು ಮಾಡಲಿ ಎಂದು ಕೇಳುವವರಿಗೆ ನಾನು ಮೊದಲು ಹೇಳುವುದು ಇಷ್ಟೇ: ಸಭೆ ಕರೆಯಬೇಡಿ, ಮನೆಗಳಿಗೆ ಹೋಗಿ. ಸಭೆ ಕರೆದರೆ ಯಾರು ಬರುತ್ತಾರೆಂಬುದು ಗೊತ್ತೇ ಇದೆ. ತ್ರಿಚಕ್ರ ವಾಹನ ಇರುವವರು, ಊರುಗೋಲು ಹಿಡಿದು ಬಸ್ ನಿಲ್ದಾಣದವರೆಗೆ ನಡೆಯಬಲ್ಲವರು, ಬಹುಪಾಲು ಗಂಡಸರು. ಬರಲಾಗದವರು ಹಿತ್ತಲ ಕೋಣೆಯಲ್ಲಿ ಉಳಿಯುತ್ತಾರೆ; ಅವರಲ್ಲಿ ಹೆಂಗಸರೇ ಹೆಚ್ಚು. ಬಂದವರನ್ನಷ್ಟೇ ಸೇರಿಸಿ ಸಂಘ ಕಟ್ಟಿದರೆ ಒಳಗಿದ್ದವರು ಒಳಗೇ ಉಳಿಯುತ್ತಾರೆ. ಊರಿನಲ್ಲಿ ಅಂಗವಿಕಲರ ಸಂಘ ಇದೆಯಲ್ಲ, ಇನ್ನೇನು ಬೇಕು ಎಂಬ ಮಾತು ಮಾತ್ರ ಹುಟ್ಟಿಕೊಳ್ಳುತ್ತದೆ.

ನನ್ನ ಬಲಗಾಲಿಗೆ ಪೋಲಿಯೊ. ಹದಿನೈದು ವರ್ಷಗಳಿಂದ ಕ್ಯಾಲಿಪರ್ (ಕಾಲಿಗೆ ಆಧಾರ ಕೊಡುವ ಪಟ್ಟಿ) ಕಟ್ಟಿಕೊಂಡು ನಮ್ಮ ತಾಲ್ಲೂಕಿನ ಹಳ್ಳಿಗಳಲ್ಲಿ ಇಂಥ ಸಂಘಗಳ ಜೊತೆ ಓಡಾಡುತ್ತಿದ್ದೇನೆ. ಗಟ್ಟಿಯಾಗಿ ನಿಂತ ಸಂಘಗಳನ್ನೂ ಕಂಡಿದ್ದೇನೆ, ಆರೇ ತಿಂಗಳಲ್ಲಿ ಒಡೆದು ಹೋದವನ್ನೂ ಕಂಡಿದ್ದೇನೆ. ಈ ಬರಹದಲ್ಲಿರುವುದು ಆ ಓಡಾಟದಿಂದ ಕಲಿತ ಕ್ರಮ.

ಪದಗಳ ಬಗ್ಗೆ ಒಂದು ಮಾತು. ಇಲಾಖೆಯ ಹೆಸರಿನಲ್ಲಿ ‘ವಿಕಲಚೇತನ’ ಎಂದಿದೆ, ವೇದಿಕೆಗಳಲ್ಲಿ ‘ವಿಶೇಷಚೇತನ’ ಎನ್ನುತ್ತಾರೆ. ನಮ್ಮ ಸಂಘದ ಹೆಂಗಸರು ‘ಅಂಗವಿಕಲರು’ ಎಂದೇ ಹೇಳಿಕೊಳ್ಳುತ್ತಾರೆ. ವಿಕಲವಾಗಿರುವುದು ಅಂಗ, ನಮ್ಮ ಚೇತನವಲ್ಲ ಎಂಬುದು ಅವರ ವಾದ. ನಾನೂ ಅದೇ ಪದವನ್ನು ಬಳಸುತ್ತೇನೆ.

ಮೊದಲ ಹೆಜ್ಜೆ: ಪಟ್ಟಿಯನ್ನು ನೀವೇ ಮಾಡಿ

ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿರುತ್ತಾರೆ. ಎಲ್ಲರೂ ಅವರನ್ನು ವಿಆರ್‌ಡಬ್ಲ್ಯು ಎಂದೇ ಕರೆಯುವುದು. ಸಾಮಾನ್ಯವಾಗಿ ಅವರೂ ಅಂಗವಿಕಲರೇ. ತಾಲ್ಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಇವರ ಬಳಿ ಊರಿನ ಪಟ್ಟಿ ಇರುತ್ತದೆ. ಮೊದಲು ಅದನ್ನು ಪಡೆಯಿರಿ. ಆದರೆ ಅಲ್ಲಿಗೇ ನಿಲ್ಲಬೇಡಿ. ಪಿಂಚಣಿ ಬರುವವರ ಹೆಸರು, ಪ್ರಮಾಣಪತ್ರ ಇರುವವರ ಹೆಸರು ಅದರಲ್ಲಿ ಸಿಗುತ್ತದೆ. ಯಾವ ಕಾಗದವೂ ಇಲ್ಲದವರನ್ನು ನೀವೇ ಹುಡುಕಬೇಕು.

ಪಟ್ಟಿ ಪೂರ್ತಿಯಾಗಿದೆಯೇ ಎಂದು ತಿಳಿಯಲು ಒಂದು ಅಂದಾಜಿನ ಲೆಕ್ಕ ಇದೆ. 2011ರ ಜನಗಣತಿಯಲ್ಲಿ ದೇಶದ ಜನಸಂಖ್ಯೆಯ ಶೇ 2.21ರಷ್ಟು ಮಂದಿ, ಅಂದರೆ 2.68 ಕೋಟಿ ಜನ ಅಂಗವಿಕಲರೆಂದು ದಾಖಲಾದರು. ಕರ್ನಾಟಕದಲ್ಲಿ ಈ ಸಂಖ್ಯೆ 13.24 ಲಕ್ಷ. ಈ ಪ್ರಮಾಣದಲ್ಲಿ ಎರಡು ಸಾವಿರ ಜನರಿರುವ ಊರಿನಲ್ಲಿ ನಲವತ್ತಕ್ಕೂ ಹೆಚ್ಚು ಮಂದಿ ಸಿಗಬೇಕು. ಆ ಗಣತಿ ಕೇಳಿದ್ದು ಎಂಟು ಬಗೆಯ ಅಂಗವೈಕಲ್ಯಗಳನ್ನು ಮಾತ್ರ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಗಳಿವೆ: ಕುಷ್ಠರೋಗದಿಂದ ಗುಣವಾದವರು, ಕುಬ್ಜರು, ಆ್ಯಸಿಡ್ ದಾಳಿಗೆ ತುತ್ತಾದವರು, ಥಲಸ್ಸೇಮಿಯಾ, ಹಿಮೋಫಿಲಿಯಾ ಇರುವವರು, ಪಾರ್ಕಿನ್ಸನ್ ಕಾಯಿಲೆಯವರು, ಕಲಿಕೆಯ ತೊಂದರೆ ಇರುವ ಮಕ್ಕಳು, ಮಾನಸಿಕ ಕಾಯಿಲೆ ಇರುವವರು ಎಲ್ಲರೂ ಅದರಲ್ಲಿ ಸೇರಿದ್ದಾರೆ. ನಿಮ್ಮ ಪಟ್ಟಿಯಲ್ಲಿ ಹನ್ನೆರಡೇ ಹೆಸರಿದ್ದರೆ ಊರು ಆರೋಗ್ಯವಾಗಿದೆ ಎಂದು ತಿಳಿಯಬೇಡಿ, ಇನ್ನೂ ಮೂವತ್ತು ಬಾಗಿಲು ತಟ್ಟಿಲ್ಲ ಎಂದು ತಿಳಿಯಿರಿ.

ಆಶಾ ಕಾರ್ಯಕರ್ತೆಗೂ ಅಂಗನವಾಡಿ ಶಿಕ್ಷಕಿಗೂ ಯಾವ ಮನೆಯಲ್ಲಿ ಯಾರಿದ್ದಾರೆಂಬುದು ಗೊತ್ತಿರುತ್ತದೆ. ಅವರನ್ನು ಜೊತೆಗೆ ಕರೆದುಕೊಂಡು ಹೋದರೆ ಬಾಗಿಲು ತೆರೆಯುತ್ತದೆ. ಮಗಳ ಮದುವೆ ತಪ್ಪುತ್ತದೆಂದು, ಅಕ್ಕನ ವಿಷಯ ಗೊತ್ತಾದರೆ ತಂಗಿಗೆ ಗಂಡು ಸಿಗುವುದಿಲ್ಲವೆಂದು ಮರೆಮಾಡುವ ಮನೆಗಳು ಈಗಲೂ ಇವೆ. ಅಲ್ಲಿ ಮೊದಲ ಭೇಟಿಯಲ್ಲೇ ಪುಸ್ತಕ ತೆಗೆದು ಬರೆಯಲು ಕೂರಬೇಡಿ. ನೀರು ಕುಡಿದು, ಮಾತನಾಡಿ ಬನ್ನಿ. ಎರಡನೆಯ ಭೇಟಿಯಲ್ಲಿ ಕೇಳಿ.

ಯಾರನ್ನು ಕೇಳುತ್ತೀರಿ ಎಂಬುದು ಇನ್ನೂ ಮುಖ್ಯ. ಒಂದು ಮನೆಯ ಮಾತು ಹೇಳುತ್ತೇನೆ. ಇಪ್ಪತ್ತೆರಡು ವರ್ಷದ ಹುಡುಗಿ, ಹುಟ್ಟಿನಿಂದಲೇ ಕಿವಿ ಕೇಳಿಸದು. ಹೆಸರೇನು, ಏನು ಓದಿದ್ದಾಳೆ, ಏನು ಇಷ್ಟ ಎಂದು ನಾವು ಕೇಳಿದ ಪ್ರತಿ ಪ್ರಶ್ನೆಗೂ ತಾಯಿಯೇ ಉತ್ತರ ಕೊಡುತ್ತಿದ್ದರು. ಹುಡುಗಿ ಕಂಬಕ್ಕೆ ಒರಗಿ ನಮ್ಮ ತುಟಿಗಳನ್ನೇ ನೋಡುತ್ತಿದ್ದಳು. ನಮ್ಮ ಜೊತೆ ಬಂದಿದ್ದ ಇನ್ನೊಬ್ಬ ಕಿವುಡ ಸದಸ್ಯೆ ಎದ್ದು ಹೋಗಿ ಅವಳ ಮುಂದೆ ಕುಳಿತು, ಸೂಜಿಗೆ ದಾರ ಪೋಣಿಸುವಂತೆ ಬೆರಳಾಡಿಸಿ ಹುಬ್ಬೇರಿಸಿದಳು. ಹುಡುಗಿ ಒಳಗೆ ಓಡಿದಳು. ಮರಳಿ ಬಂದಾಗ ಕೈಯಲ್ಲಿ ಎರಡು ರವಿಕೆಗಳಿದ್ದವು, ಕುತ್ತಿಗೆಯ ಪಟ್ಟಿಯ ಹೊಲಿಗೆ ಗೆರೆ ಎಳೆದ ಹಾಗಿತ್ತು. ತಾಯಿ ಅಲ್ಲಿಯವರೆಗೆ ಹೇಳಿದ್ದು ‘ಇವಳಿಗೆ ಏನೂ ಬರುವುದಿಲ್ಲ’ ಎಂದು. ಮಗಳು ರಾತ್ರಿ ಕುಳಿತು ಹಳೆಯ ಬಟ್ಟೆಯಲ್ಲಿ ಹೊಲಿಗೆ ಕಲಿಯುತ್ತಿದ್ದದ್ದು ಅವರಿಗೂ ಅಷ್ಟಾಗಿ ಗೊತ್ತಿರಲಿಲ್ಲ. ತಾಯಿಯದು ತಪ್ಪೆಂದು ನಾನು ಹೇಳುವುದಿಲ್ಲ, ಅವರ ಮಗಳನ್ನು ಅದುವರೆಗೆ ಯಾರೂ ನೇರವಾಗಿ ಏನನ್ನೂ ಕೇಳಿರಲಿಲ್ಲ. ಆದ್ದರಿಂದ ಮನೆ ಭೇಟಿಗೆ ಹೋಗುವ ಇಬ್ಬರಲ್ಲಿ ಒಬ್ಬರಾದರೂ ಅಂಗವಿಕಲ ಹೆಂಗಸಾಗಿರಲಿ. ಇದನ್ನು ಸಂಘದ ನಿಯಮವೆಂದೇ ಇಟ್ಟುಕೊಳ್ಳಿ.

ಎರಡನೆಯ ಹೆಜ್ಜೆ: ಗುಂಪು ಕೂಡಿಸುವುದು

ಸಾಮಾನ್ಯ ಸ್ವಸಹಾಯ ಸಂಘಕ್ಕೆ ಹತ್ತರಿಂದ ಇಪ್ಪತ್ತು ಸದಸ್ಯರು ಬೇಕು. ರಾಷ್ಟ್ರೀಯ ಗ್ರಾಮೀಣ ಜೀವನೋಪಾಯ ಅಭಿಯಾನ, ಅಂದರೆ ನಮ್ಮಲ್ಲಿ ‘ಸಂಜೀವಿನಿ’ ಎಂದು ಕರೆಯುವ ಕಾರ್ಯಕ್ರಮದಲ್ಲಿ ಅಂಗವಿಕಲರ ಗುಂಪಿಗೆ ವಿನಾಯಿತಿ ಇದೆ: ಐದು ಜನರಿದ್ದರೂ ಸಾಕು. ಉಳಿದ ಸಂಘಗಳು ಮಹಿಳೆಯರಿಗೆ ಮಾತ್ರ ಮೀಸಲಾದರೂ ಅಂಗವಿಕಲರ ಸಂಘದಲ್ಲಿ ಹೆಣ್ಣು, ಗಂಡು ಇಬ್ಬರೂ ಇರಬಹುದು. ಬ್ಯಾಂಕಿನಲ್ಲಿ ‘ಹತ್ತು ಜನ ಇಲ್ಲದೆ ಖಾತೆ ತೆರೆಯುವುದಿಲ್ಲ’ ಎಂದರೆ ರಿಸರ್ವ್ ಬ್ಯಾಂಕಿನ ಸುತ್ತೋಲೆಯಲ್ಲೇ ಈ ವಿನಾಯಿತಿ ಇದೆ ಎಂದು ಧೈರ್ಯವಾಗಿ ಹೇಳಿ.

ಹೆಂಗಸರ ಸಂಘವೇ ಬೇರೆ ಇರಬೇಕೇ, ಎಲ್ಲರೂ ಒಟ್ಟಿಗಿರಬೇಕೇ? ಇದರ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟ. ಐದು ಹೆಂಗಸರು ಸಿಕ್ಕರೆ ಹೆಂಗಸರದ್ದೇ ಒಂದು ಗುಂಪು ಮಾಡಿ. ಮಿಶ್ರ ಗುಂಪಿನಲ್ಲಿ ಚರ್ಚೆ ತ್ರಿಚಕ್ರ ವಾಹನ, ಪಿಂಚಣಿ, ಪೆಟ್ಟಿಗೆ ಅಂಗಡಿಯ ಸಾಲದ ಸುತ್ತಲೇ ಸುತ್ತುತ್ತದೆ. ಅವೂ ಬೇಕಾದವೇ. ಆದರೆ ಶೌಚಾಲಯ ಮನೆಯಿಂದ ದೂರ ಇರುವುದರಿಂದ ಸಂಜೆಯ ಮೇಲೆ ನೀರೇ ಕುಡಿಯುವುದಿಲ್ಲ ಎನ್ನುವ ಮಾತನ್ನು, ಸ್ನಾನ ಮಾಡಿಸುವವರ ಕೈ ಹೇಗಿರುತ್ತದೆ ಎನ್ನುವ ಮಾತನ್ನು ಗಂಡಸರ ಮುಂದೆ ಯಾವ ಹೆಂಗಸು ಆಡುತ್ತಾಳೆ? ಊರು ಚಿಕ್ಕದಾಗಿ ಮಿಶ್ರ ಗುಂಪೇ ಗತಿ ಎಂದಾದರೆ ಅಧ್ಯಕ್ಷ ಸ್ಥಾನ ಅಥವಾ ಖಜಾಂಚಿ ಸ್ಥಾನ ಹೆಂಗಸಿಗೇ ಎಂದು ಮೊದಲ ದಿನವೇ ಬರೆದುಕೊಳ್ಳಿ. ಬ್ಯಾಂಕಿನಲ್ಲಿ ಸಹಿ ಮಾಡುವ ಇಬ್ಬರಲ್ಲಿ ಒಬ್ಬರು ಹೆಂಗಸಾಗಿರಲಿ. ತಿಂಗಳಿಗೊಮ್ಮೆ ಹೆಂಗಸರು ಮಾತ್ರ ಅರ್ಧ ಗಂಟೆ ಕೂರಲಿ.

ಬುದ್ಧಿಮಾಂದ್ಯತೆ ಇರುವ ಮಕ್ಕಳ ಪರವಾಗಿ ತಾಯಿ ಅಥವಾ ತಂದೆ ಬರಬಹುದು. ಆದರೆ ಸಂಘದಲ್ಲಿ ಪಾಲಕರೇ ಹೆಚ್ಚಾಗಬಾರದು. ಪಾಲಕರಿಗೆ ತಮ್ಮದೇ ಕಷ್ಟಗಳಿವೆ, ಅವನ್ನು ಆಡಿಕೊಳ್ಳಲು ಬೇರೆ ದಿನ ಇಡಿ. ದಾನಿಗಳು, ಊರ ಹಿರಿಯರು, ಸಂಸ್ಥೆಯ ಮೇಲ್ವಿಚಾರಕರು ಅತಿಥಿಗಳಾಗಿ ಬರಲಿ, ಪದಾಧಿಕಾರಿಗಳಾಗುವುದು ಬೇಡ. ‘ನಮ್ಮನ್ನು ಬಿಟ್ಟು ನಮ್ಮ ಬಗ್ಗೆ ಏನನ್ನೂ ನಿರ್ಧರಿಸಬೇಡಿ’ ಎಂಬ ಮಾತು ದಕ್ಷಿಣ ಆಫ್ರಿಕಾದ ಅಂಗವಿಕಲ ಹೋರಾಟಗಾರರಿಂದ ಹಿಡಿದು ಜಗತ್ತಿನ ಎಲ್ಲ ಅಂಗವಿಕಲರ ಚಳವಳಿಗಳ ಬಾಯಲ್ಲಿದೆ. ನಮ್ಮ ರಾಜ್ಯದಲ್ಲೂ ಆ ಹಾದಿ ಹಳೆಯದು. ಬೆಂಗಳೂರಿನ ‘ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ’ ಸಂಸ್ಥೆಯನ್ನು 1959ರಲ್ಲಿ ಕಟ್ಟಿದ ಎನ್.ಎಸ್. ಹೇಮಾ ಸ್ವತಃ ಪೋಲಿಯೊ ಪೀಡಿತೆ.

ಮೊದಲ ಸಭೆಗೆ ಜಾಗ ಆರಿಸುವಾಗ ಕಟ್ಟೆ, ಮೆಟ್ಟಿಲು, ಹೊಸ್ತಿಲುಗಳನ್ನು ನೀವೇ ಹೋಗಿ ನೋಡಿ. ಅಂಗನವಾಡಿ ಅಥವಾ ಶಾಲೆಯ ಅಂಗಳ ಒಳ್ಳೆಯದು. ಪಕ್ಕದಲ್ಲಿ ಬಳಸಲು ಬರುವ ಶೌಚಾಲಯ ಇರಬೇಕು, ಇಲ್ಲದಿದ್ದರೆ ಹೆಂಗಸರು ಎರಡನೆಯ ಸಭೆಗೆ ಬರುವುದಿಲ್ಲ. ಹಗಲು ಹೊತ್ತೇ ಇರಲಿ. ತೆವಳಿಕೊಂಡು ಬರುವವರಿದ್ದರೆ ಎಲ್ಲರೂ ಚಾಪೆಯ ಮೇಲೆ ಕುಳಿತುಕೊಳ್ಳಿ. ಒಬ್ಬರು ನೆಲದಲ್ಲಿ, ಉಳಿದವರು ಕುರ್ಚಿಯಲ್ಲಿ ಬೇಡ. ಗಾಲಿಕುರ್ಚಿಯವರು ಹೆಚ್ಚಿದ್ದರೆ ಎಲ್ಲರಿಗೂ ಕುರ್ಚಿ ಇರಲಿ. ಮಾತನಾಡುವ ಮೊದಲು ಪ್ರತಿಯೊಬ್ಬರೂ ಹೆಸರು ಹೇಳಬೇಕು, ಕಣ್ಣು ಕಾಣದವರಿಗೆ ಮಾತು ಯಾರದೆಂದು ತಿಳಿಯಲಿ. ಕಿವಿ ಕೇಳಿಸದವರ ಎದುರಿಗೆ ಬೆಳಕಿನಲ್ಲಿ ಕುಳಿತು, ಒಬ್ಬರಾದ ಮೇಲೆ ಒಬ್ಬರು ಮಾತನಾಡಿ.

ಹಾಸಿಗೆ ಬಿಟ್ಟು ಏಳಲಾಗದ ಸದಸ್ಯೆ ಇದ್ದರೆ? ಅವಳ ಮನೆಯ ಪಡಸಾಲೆಯಲ್ಲೇ ಸಭೆ ಸೇರಿ. ನಮ್ಮ ಒಂದು ಸಂಘ ಪ್ರತಿ ಮೂರನೆಯ ಸಭೆಯನ್ನು ಹಾಗೆ ನಡೆಸುತ್ತದೆ. ಬೆನ್ನುಹುರಿಗೆ ಪೆಟ್ಟು ಬಿದ್ದು ಮಲಗಿರುವ ಆ ಅಕ್ಕನೇ ಈಗ ಸಂಘದ ಲೆಕ್ಕ ನೋಡುತ್ತಾರೆ.

ಮೂರನೆಯ ಹೆಜ್ಜೆ: ಉಳಿತಾಯ, ಪುಸ್ತಕ, ಬ್ಯಾಂಕು

ಕಡಿಮೆ ಮೊತ್ತದಿಂದ ಶುರು ಮಾಡಿ. ವಾರಕ್ಕೆ ಹತ್ತು ರೂಪಾಯಿ ಸಾಕು. ಹನಿ ಹನಿ ಕೂಡಿದರೆ ಹಳ್ಳ ಎಂಬುದು ನಿಜವೇ, ಆದರೆ ಇಲ್ಲಿ ಹಣದಷ್ಟೇ ಮುಖ್ಯವಾದದ್ದು ಇನ್ನೊಂದಿದೆ: ಆ ಹತ್ತು ರೂಪಾಯಿಯನ್ನು ಸದಸ್ಯೆಯೇ ತನ್ನ ಕೈಯಿಂದ ಕೊಡಬೇಕು. ಅಣ್ಣ ಬಂದು ಅವಳ ಪಾಲನ್ನು ಕಟ್ಟಿ ಹೋಗುವ ಪದ್ಧತಿ ಬೇಡ. ನಲವತ್ತು ದಾಟಿದ ಮೇಲೆ ಮೊದಲ ಬಾರಿ ಹಣವನ್ನು ತಾನೇ ಎಣಿಸಿ ಕೊಟ್ಟ ಹೆಂಗಸರನ್ನು ನಾನು ಕಂಡಿದ್ದೇನೆ. ಪಿಂಚಣಿ ಬರುತ್ತಿತ್ತು, ಅದು ಯಾರ ಜೇಬಿಗೆ ಹೋಗುತ್ತಿತ್ತೆಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಮೈರಾಡ ಸಂಸ್ಥೆ 1980ರ ದಶಕದ ನಡುವಿನಲ್ಲಿ ಕರ್ನಾಟಕದ ಹಳ್ಳಿಗಳಲ್ಲಿ ಬೆಳೆಸಿದ ಪದ್ಧತಿಯನ್ನು ಗ್ರಾಮೀಣ ಅಭಿವೃದ್ಧಿಯ ಬ್ಯಾಂಕಾದ ನಬಾರ್ಡ್ 1992ರಲ್ಲಿ ಬ್ಯಾಂಕುಗಳಿಗೆ ಜೋಡಿಸಿದಾಗಿನಿಂದ ಸಂಘಗಳ ಕೆಲಸದ ಮೂಲ ಕ್ರಮ ಹೆಚ್ಚು ಬದಲಾಗಿಲ್ಲ. ಸಂಜೀವಿನಿಯಲ್ಲಿ ಅದನ್ನು ಪಂಚಸೂತ್ರ ಎನ್ನುತ್ತಾರೆ: ತಪ್ಪದ ಸಭೆ, ತಪ್ಪದ ಉಳಿತಾಯ, ಸದಸ್ಯರೊಳಗೇ ಸಾಲದ ವಹಿವಾಟು, ಸಕಾಲದ ಮರುಪಾವತಿ, ಅಂದಂದೇ ಬರೆದ ಪುಸ್ತಕ. ಸುತ್ತುನಿಧಿಗೂ (ಸದಸ್ಯರೊಳಗೆ ಸಾಲವಾಗಿ ಸುತ್ತಲು ಕಾರ್ಯಕ್ರಮ ಕೊಡುವ ಹಣ) ಬ್ಯಾಂಕ್ ಸಾಲಕ್ಕೂ ಅರ್ಹತೆ ಅಳೆಯುವುದು ಇದರ ಮೇಲೆಯೇ. ‘ಅಂಗವಿಕಲರು, ಪಾಪ, ಒಂದೆರಡು ಸಭೆ ತಪ್ಪಿದರೆ ಏನಂತೆ’ ಎಂದು ಯಾರಾದರೂ ರಿಯಾಯಿತಿ ಕೊಡಲು ಬಂದರೆ ಒಪ್ಪಬೇಡಿ. ನಾಳೆ ಸಾಲ ಕೇಳಲು ಹೋದಾಗ ಅದೇ ‘ಪಾಪ’ ಅಡ್ಡ ಬರುತ್ತದೆ.

ನಡಾವಳಿ ಪುಸ್ತಕ, ಉಳಿತಾಯ ಮತ್ತು ಸಾಲದ ವಹಿ, ನಗದು ಪುಸ್ತಕ, ಪ್ರತಿಯೊಬ್ಬರಿಗೂ ಒಂದು ಪಾಸ್‌ಪುಸ್ತಕ, ಇಷ್ಟು ಇರಲಿ. ಸಭೆ ಮುಗಿಯುವ ಮೊದಲು ನಡಾವಳಿಯನ್ನು ಗಟ್ಟಿಯಾಗಿ ಓದಿ, ಆಮೇಲೆ ಸಹಿ. ಕಣ್ಣು ಕಾಣದವರು ಬಯಸಿದರೆ ಓದುವುದನ್ನು ಅವರ ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳಲಿ. ಎಷ್ಟೋ ಸಂಘಗಳಲ್ಲಿ ಕೊನೆಗೆ ಆ ಧ್ವನಿಮುದ್ರಿಕೆಯೇ ನಂಬುವಂಥ ದಾಖಲೆಯಾಗುತ್ತದೆ.

ಖಾತೆ ತೆರೆಯುವಾಗ ಎರಡು ಅಡ್ಡಿಗಳು ಬರುವುದುಂಟು. ಒಂದು, ‘ಕಣ್ಣು ಕಾಣದವರಿಗೆ ಚೆಕ್‌ಬುಕ್ ಕೊಡುವುದಿಲ್ಲ, ಎಟಿಎಂ ಕಾರ್ಡ್ ಕೊಡುವುದಿಲ್ಲ’ ಎನ್ನುವುದು. ಚೆಕ್‌ಬುಕ್, ಎಟಿಎಂ, ಲಾಕರ್ ಸೌಲಭ್ಯಗಳನ್ನು ದೃಷ್ಟಿದೋಷ ಇರುವವರಿಗೆ ನಿರಾಕರಿಸುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ 2008ರಲ್ಲೇ ಎಲ್ಲ ಬ್ಯಾಂಕುಗಳಿಗೆ ತಿಳಿಸಿದೆ. ಇನ್ನೊಂದು ಬೆರಳಚ್ಚಿನದು. ಕುಷ್ಠದಿಂದ ಬೆರಳು ಸವೆದವರ ಕೈಯನ್ನು ಯಂತ್ರ ಗುರುತಿಸುವುದಿಲ್ಲ. ನಮ್ಮ ಒಬ್ಬ ಹಿರಿಯ ಸದಸ್ಯರನ್ನು ಒಂದು ಶಾಖೆಯಲ್ಲಿ ಮೂರು ದಿನ ಅಲೆಸಿದರು. ನಾಲ್ಕನೆಯ ದಿನ ಸಂಘದ ಏಳು ಜನ ಒಟ್ಟಿಗೆ ಹೋಗಿ ಕುಳಿತೆವು, ಕೂಗಾಡಲಿಲ್ಲ. ಬೆರಳಚ್ಚು ಆಗದಿದ್ದರೆ ಕಣ್ಣಿನ ಪಾಪೆಯ ಗುರುತು ಬಳಸಬಹುದು, ಅದೂ ಆಗದಿದ್ದರೆ ಯಾವ ದಾಖಲೆ ಬೇಕು ಎಂಬುದನ್ನು ಬರೆದು ಕೊಡಿ ಎಂದು ಕೇಳಿದೆವು. ಮಧ್ಯಾಹ್ನದೊಳಗೆ ಕೆಲಸವಾಯಿತು. ‘ಬರೆದು ಕೊಡಿ’ ಎಂಬ ಎರಡು ಪದಗಳನ್ನು ಸಂಘದ ಪ್ರತಿ ಸದಸ್ಯರೂ ಕಲಿಯಬೇಕು.

ನಾಲ್ಕನೆಯ ಹೆಜ್ಜೆ: ಎಲ್ಲರ ಕಾಗದಗಳು

ಇದು ಬೇಸರದ ಕೆಲಸ, ಆದರೆ ಮೊದಲ ಆರು ತಿಂಗಳಲ್ಲಿ ಮುಗಿಸಿ. ಪ್ರತಿ ಸದಸ್ಯರಿಗೂ ಅಂಗವೈಕಲ್ಯ ಪ್ರಮಾಣಪತ್ರ ಮತ್ತು ಯುಡಿಐಡಿ ಕಾರ್ಡ್ (ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ) ಆಗಬೇಕು. ಅರ್ಜಿಯನ್ನು ಸ್ವಾವಲಂಬನ್ ಕಾರ್ಡ್ ಜಾಲತಾಣದಲ್ಲಿ ಹಾಕಿ, ನಿಗದಿಯಾದ ದಿನ ಆಸ್ಪತ್ರೆಯ ತಪಾಸಣೆಗೆ ಹೋಗಬೇಕು. ಶೇ 40 ಮತ್ತು ಅದಕ್ಕಿಂತ ಹೆಚ್ಚಿನ ಅಂಗವೈಕಲ್ಯ ಇದ್ದರೆ ಮೀಸಲಾತಿ ಹಾಗೂ ಹೆಚ್ಚಿನ ಯೋಜನೆಗಳಿಗೆ ಅರ್ಹತೆ ಬರುತ್ತದೆ. ಒಬ್ಬೊಬ್ಬರೇ ಹೋಗಿ ವಾಪಸಾಗುವ ಬದಲು ಹತ್ತು ಜನ ಸೇರಿ ಒಂದು ವಾಹನ ಮಾಡಿಕೊಂಡು ಹೋಗಿ. ಕಿವಿ, ಮನಸ್ಸು, ಮೂಳೆ ಯಾವ ವೈದ್ಯರು ಯಾವ ದಿನ ಇರುತ್ತಾರೆಂದು ಮೊದಲೇ ಫೋನ್ ಮಾಡಿ ವಿಚಾರಿಸಿ. ಹೆಂಗಸರ ತಪಾಸಣೆಗೆ ಜೊತೆಯಲ್ಲಿ ಒಬ್ಬ ಸದಸ್ಯೆ ಒಳಗೆ ಇರಲಿ.

ಐದನೆಯ ಹೆಜ್ಜೆ: ಪಂಚಾಯಿತಿಯ ಮುಂದೆ ಕೇಳುವುದು

ಇಲ್ಲಿಂದ ಸಂಘ ನಿಜವಾದ ಸಂಘವಾಗುತ್ತದೆ. ಉಳಿತಾಯ ನಡೆಯುತ್ತಿದ್ದರೂ ಊರಿನ ಮುಂದೆ ಬಾಯಿ ಬಿಡದ ಗುಂಪುಗಳನ್ನು ಬಹಳ ನೋಡಿದ್ದೇನೆ. ಅವು ಸಾಲದ ಗುಂಪಾಗಿ ಉಳಿದು, ಸಾಲ ತೀರಿದ ದಿನ ಮುಗಿದು ಹೋಗುತ್ತವೆ.

ಮೊದಲು ಕೈಗೆತ್ತಿಕೊಳ್ಳುವ ವಿಷಯ ಒಂದೇ ಇರಲಿ, ಅದು ಕಣ್ಣಿಗೆ ಕಾಣುವಂಥದ್ದಾಗಿರಲಿ. ನಮ್ಮ ಒಂದು ಊರಿನಲ್ಲಿ ಪಂಚಾಯಿತಿ ಕಟ್ಟಡದ ಇಳಿಜಾರು ದಾರಿಯನ್ನು ಹಿಡಿದೆವು. ಮೂರು ಮೆಟ್ಟಿಲು, ಪಕ್ಕದಲ್ಲಿ ಸಿಮೆಂಟಿನ ಒಂದು ಇಳಿಜಾರು. ಕಾಗದದ ಮೇಲೆ ‘ರ‍್ಯಾಂಪ್ ನಿರ್ಮಿಸಲಾಗಿದೆ’. ಗಾಲಿಕುರ್ಚಿಯಲ್ಲಿ ಹತ್ತಲು ಹೋದ ನಮ್ಮ ಸದಸ್ಯೆ ಹಿಂದಕ್ಕೆ ಉರುಳಿ ತಲೆಗೆ ಪೆಟ್ಟು ಮಾಡಿಕೊಂಡಳು. ಮರುದಿನ ನಾವು ಟೈಲರ್ ಟೇಪು, ಒಂದು ದಾರ ತೆಗೆದುಕೊಂಡು ಹೋದೆವು. ಮೆಟ್ಟಿಲುಗಳ ಒಟ್ಟು ಎತ್ತರ ಹದಿನೆಂಟು ಇಂಚು. ನಿಯಮ ಸರಳ: ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ಹದಿನೆಂಟು ಇಂಚು ಅಂದರೆ ಒಂದೂವರೆ ಅಡಿ, ಅದಕ್ಕೆ ಹದಿನೆಂಟು ಅಡಿ ಇಳಿಜಾರು ಬೇಕು. ಅಲ್ಲಿ ಇದ್ದದ್ದು ಐದು ಅಡಿ. ನೇರ ಜಾಗ ಸಾಲದಿದ್ದರೆ ನಡುವೆ ಸಮತಟ್ಟು ಬಿಟ್ಟು ತಿರುಗಿಸಬಹುದು. ಎರಡೂ ಕಡೆ ಹಿಡಿಕೆ ಬೇಕು. ಈ ಅಳತೆಗಳನ್ನು ಬಿಳಿ ಹಾಳೆಯ ಮೇಲೆ ಚಿತ್ರ ಬರೆದು ತೋರಿಸಿದಾಗ ಪಂಚಾಯಿತಿಯಲ್ಲಿ ಯಾರಿಗೂ ಅಲ್ಲಗಳೆಯಲು ಆಗಲಿಲ್ಲ. ‘ಅನುಕೂಲ ಮಾಡಿಕೊಡಿ’ ಎಂದು ಬೇಡಿದ್ದರೆ ಇನ್ನೊಂದು ಐದು ಅಡಿಯ ಇಳಿಜಾರು ಸಿಗುತ್ತಿತ್ತು.

ಮನವಿ ಬರೆಯುವ ಕ್ರಮ ಹೀಗಿರಲಿ. ಮೊದಲು ಸಭೆಯಲ್ಲಿ ಠರಾವು ಮಾಡಿ, ಅದರ ದಿನಾಂಕವನ್ನು ಮನವಿಯಲ್ಲಿ ಬರೆಯಿರಿ. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರ ಹೆಸರಿಗಲ್ಲ, ಹುದ್ದೆಗೆ ಬರೆಯಿರಿ. ಒಂದು ಮನವಿಯಲ್ಲಿ ಒಂದೇ ಬೇಡಿಕೆ. ಯಾವ ಕಾನೂನಿನ ಆಧಾರ ಎಂದು ಒಂದು ಸಾಲು. ಎಷ್ಟು ದಿನದೊಳಗೆ ಉತ್ತರ ಬೇಕು ಎಂದು ಒಂದು ಸಾಲು. ಎಲ್ಲ ಸದಸ್ಯರ ಸಹಿ ಅಥವಾ ಹೆಬ್ಬೆಟ್ಟು. ಉದಾಹರಣೆಗೆ:

‘ನಮ್ಮ ಸಂಘದ ಇಂಥ ದಿನದ ಸಭೆಯ ಠರಾವಿನಂತೆ ವಿನಂತಿಸುವುದೇನೆಂದರೆ, ಗ್ರಾಮ ಪಂಚಾಯಿತಿ ಕಟ್ಟಡದ ಇಳಿಜಾರು ದಾರಿ ಹದಿನೆಂಟು ಇಂಚು ಎತ್ತರಕ್ಕೆ ಐದು ಅಡಿ ಮಾತ್ರ ಇದ್ದು, ಗಾಲಿಕುರ್ಚಿ ಬಳಸುವವರಿಗೆ ಅಪಾಯಕಾರಿಯಾಗಿದೆ. 2016ರ ಕಾಯ್ದೆಯಂತೆ ಸಾರ್ವಜನಿಕ ಕಟ್ಟಡಗಳು ಅಂಗವಿಕಲರು ಬಳಸಲು ತಕ್ಕಂತಿರಬೇಕು. ಹದಿನೆಂಟು ಅಡಿ ಉದ್ದದ, ಎರಡೂ ಕಡೆ ಹಿಡಿಕೆಯಿರುವ ಇಳಿಜಾರನ್ನು ಈ ಸಾಲಿನ ಕ್ರಿಯಾ ಯೋಜನೆಯಲ್ಲಿ ಸೇರಿಸಿ, ಕೈಗೊಂಡ ಕ್ರಮವನ್ನು ಮೂವತ್ತು ದಿನಗಳೊಳಗೆ ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇವೆ.’

ಎರಡು ಪ್ರತಿ ಒಯ್ಯಿರಿ. ಒಂದರ ಮೇಲೆ ಸ್ವೀಕೃತಿಯ ಮುದ್ರೆ, ದಿನಾಂಕ, ಸಹಿ ಹಾಕಿಸಿಕೊಳ್ಳದೆ ಅಲ್ಲಿಂದ ಏಳಬೇಡಿ. ಮುದ್ರೆ ಇಲ್ಲದ ಮನವಿಯನ್ನು ಕೊಟ್ಟಿದ್ದೂ ಒಂದೇ, ಕೊಡದಿದ್ದೂ ಒಂದೇ.

ಪಂಚಾಯಿತಿಯ ಹಣದ ಬಗ್ಗೆ ಎರಡು ವಿಷಯ ತಿಳಿದಿರಲಿ. ಗ್ರಾಮ ಪಂಚಾಯಿತಿ ತನ್ನ ಸ್ವಂತ ಸಂಪನ್ಮೂಲದಲ್ಲಿ ಶೇ 5ರಷ್ಟನ್ನು ಅಂಗವಿಕಲರಿಗಾಗಿ ತೆಗೆದಿಡಬೇಕು. ಅದಲ್ಲದೆ 2016ರ ಕಾಯ್ದೆಯ 37ನೆಯ ಕಲಮು ಬಡತನ ನಿವಾರಣೆ ಮತ್ತು ಅಭಿವೃದ್ಧಿ ಯೋಜನೆಗಳಲ್ಲಿ, ಕೃಷಿ ಭೂಮಿ ಹಾಗೂ ವಸತಿ ಹಂಚಿಕೆಯಲ್ಲಿ ಶೇ 5 ಮೀಸಲು ಇಡಬೇಕೆನ್ನುತ್ತದೆ, ಅದರಲ್ಲೂ ಅಂಗವಿಕಲ ಮಹಿಳೆಯರಿಗೆ ಆದ್ಯತೆ ಕೊಡಬೇಕೆನ್ನುತ್ತದೆ. ಈ ಕೊನೆಯ ಮಾತನ್ನು ಗಂಡಸರ ಸಂಘಗಳೂ ಓದದೆ ದಾಟುತ್ತವೆ, ಕಚೇರಿಗಳೂ ದಾಟುತ್ತವೆ. ಫಲಾನುಭವಿಗಳ ಪಟ್ಟಿ ಓದುವಾಗ ಹೆಂಗಸರ ಹೆಸರು ಎಷ್ಟು ಎಂದು ಎಣಿಸಿ.

ಹಣ ಎಷ್ಟು ತೆಗೆದಿಟ್ಟರು, ಎಷ್ಟು ಖರ್ಚಾಯಿತು, ಯಾರಿಗೆ ಕೊಟ್ಟರು ಎಂದು ಮಾಹಿತಿ ಹಕ್ಕಿನಲ್ಲಿ ಕೇಳಿ. 2005ರ ಕಾಯ್ದೆಯಂತೆ ಅರ್ಜಿಗೆ ಹತ್ತು ರೂಪಾಯಿ, ಬಿಪಿಎಲ್ ಕುಟುಂಬದವರಿಗೆ ಶುಲ್ಕವಿಲ್ಲ, ಉತ್ತರ ಮೂವತ್ತು ದಿನಗಳಲ್ಲಿ ಬರಬೇಕು. ‘ಯಾಕೆ ಖರ್ಚು ಮಾಡಲಿಲ್ಲ’ ಎಂದು ಕೇಳಬೇಡಿ, ಅದಕ್ಕೆ ಉತ್ತರ ಬರುವುದಿಲ್ಲ. ‘ಕಳೆದ ಮೂರು ಆರ್ಥಿಕ ವರ್ಷಗಳಲ್ಲಿ ಶೇ 5ರ ನಿಧಿಯ ಖರ್ಚಿನ ವಿವರ ಮತ್ತು ಫಲಾನುಭವಿಗಳ ಪಟ್ಟಿಯ ದೃಢೀಕೃತ ನಕಲು’ ಎಂದು ಕೇಳಿ. ಕೈಗೆ ಬಂದ ಕಾಗದವನ್ನು ಜಮಾಬಂದಿಯ (ಪಂಚಾಯಿತಿಯ ವರ್ಷದ ಲೆಕ್ಕವನ್ನು ಜನರ ಮುಂದೆ ಪರಿಶೀಲಿಸುವ) ದಿನ, ಗ್ರಾಮ ಸಭೆಯ ದಿನ ಗಟ್ಟಿಯಾಗಿ ಓದಿ.

ಗ್ರಾಮ ಸಭೆಗೆ ಹಿಂದಿನ ದಿನವೇ ತಯಾರಿ ಬೇಕು. ಮಾತನಾಡುವವರು ಇಬ್ಬರು ಎಂದು ನಿರ್ಧರಿಸಿ, ಅವರಲ್ಲಿ ಒಬ್ಬರು ಹೆಂಗಸು. ಹೇಳಬೇಕಾದ್ದನ್ನು ಮೂರು ಸಾರಿ ಸಂಘದಲ್ಲೇ ಆಡಿ ನೋಡಲಿ. ಕಿವುಡ ಸದಸ್ಯೆಯ ಬೇಡಿಕೆ ಇದ್ದರೆ ಅವಳೇ ಎದ್ದು ಸನ್ನೆಯಲ್ಲಿ ಹೇಳಲಿ, ಪಕ್ಕದಲ್ಲಿ ನಿಂತವರು ಅದನ್ನು ಮಾತಿನಲ್ಲಿ ಹೇಳಲಿ. ಬಾಯಿದ್ದವನು ಬರಗಾಲದಲ್ಲೂ ಬದುಕುತ್ತಾನೆ ಎನ್ನುತ್ತಾರೆ. ಬಾಯಿ ಇಲ್ಲವೆಂದು ಊರು ತಿಳಿದವಳು ಊರ ನಡುವೆ ಎದ್ದು ನಿಂತ ದಿನ ಸಭೆಯಲ್ಲಿ ಗದ್ದಲ ನಿಂತು ಹೋದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹೇಳಿದ್ದು ನಡಾವಳಿಯಲ್ಲಿ ಸೇರಿದೆಯೇ ಎಂದು ನೋಡಿಯೇ ಮನೆಗೆ ಹೊರಡಿ. ಅಂಗವಿಕಲರಿಗಾಗಿಯೇ ವಿಶೇಷ ಗ್ರಾಮ ಸಭೆ ನಡೆಸುವಂತೆಯೂ ಬರವಣಿಗೆಯಲ್ಲಿ ಕೇಳಿ.

ಪಂಚಾಯಿತಿ, ತಾಲ್ಲೂಕು, ಜಿಲ್ಲಾ ಕಚೇರಿ ಮೂರೂ ಕಡೆ ಉತ್ತರ ಸಿಗದಿದ್ದರೆ ಬೆಂಗಳೂರಿನಲ್ಲಿರುವ ಅಂಗವಿಕಲರ ರಾಜ್ಯ ಆಯುಕ್ತರಿಗೆ ದೂರು ಬರೆಯಬಹುದು. ಜನರನ್ನು ಕರೆಸಿ ವಿಚಾರಿಸಲು, ದಾಖಲೆ ತರಿಸಲು ಅವರಿಗೆ ಸಿವಿಲ್ ನ್ಯಾಯಾಲಯದ ಅಧಿಕಾರವಿದೆ. ಅವರು ಶಿಫಾರಸು ಮಾಡಿದ ಮೂರು ತಿಂಗಳೊಳಗೆ ಸಂಬಂಧಪಟ್ಟ ಕಚೇರಿ ಏನು ಮಾಡಿದೆಯೆಂದು ತಿಳಿಸಬೇಕು. ದೂರಿನ ಜೊತೆ ಲಗತ್ತಿಸಲು ಆ ಮುದ್ರೆಯ ಪ್ರತಿಗಳೇ ಬೇಕಾಗುವುದು.

ಆರನೆಯ ಹೆಜ್ಜೆ: ಹೆಂಗಸರು ಹೇಳಿದ್ದನ್ನು ನಂಬುವುದು

ಸಂಘ ಒಂದು ವರ್ಷ ನಡೆದ ಮೇಲೆ, ಹೆಂಗಸರಷ್ಟೇ ಕೂರುವ ಅರ್ಧ ಗಂಟೆಯಲ್ಲಿ, ಯಾರಾದರೂ ಒಬ್ಬರು ಇದುವರೆಗೆ ಯಾರಿಗೂ ಹೇಳದ್ದನ್ನು ಹೇಳುತ್ತಾರೆ. ಅದಕ್ಕೆ ಸಂಘ ಮೊದಲೇ ಸಿದ್ಧವಾಗಿರಬೇಕು. ಹೇಳಿದ್ದು ಆ ಕೋಣೆಯಿಂದ ಹೊರಗೆ ಹೋಗುವುದಿಲ್ಲ ಎಂಬುದು ಮೊದಲ ನಿಯಮ. ಮುಂದೇನು ಮಾಡಬೇಕೆಂದು ನಿರ್ಧರಿಸುವವಳು ಅವಳೇ ಎಂಬುದು ಎರಡನೆಯದು. ಲೈಂಗಿಕ ದೌರ್ಜನ್ಯಕ್ಕೆ ತುತ್ತಾದವಳು ಹದಿನೆಂಟು ತುಂಬದ ಹುಡುಗಿಯಾದರೆ ಮಾತ್ರ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸಲೇಬೇಕು, ಅದನ್ನು ಮೊದಲೇ ಎಲ್ಲರಿಗೂ ಹೇಳಿಟ್ಟಿರಿ.

ದೂರು ಕೊಡಲು ಅವಳು ಠಾಣೆಗೇ ಹೋಗಬೇಕೆಂದಿಲ್ಲ. ಲೈಂಗಿಕ ಅಪರಾಧಕ್ಕೆ ತುತ್ತಾದವಳು ಅಂಗವಿಕಲಳಾಗಿದ್ದರೆ ಪೊಲೀಸರು ಅವಳ ಮನೆಗೆ ಅಥವಾ ಅವಳು ಹೇಳಿದ ಜಾಗಕ್ಕೆ ಬಂದು, ಅಗತ್ಯವಿದ್ದರೆ ಸನ್ನೆ ಭಾಷೆಯ ದುಭಾಷಿ ಅಥವಾ ವಿಶೇಷ ಶಿಕ್ಷಕರ ಮುಂದೆ ಹೇಳಿಕೆ ಬರೆದುಕೊಳ್ಳಬೇಕು, ಅದನ್ನು ವಿಡಿಯೊ ಮಾಡಬೇಕು. 2013ರ ಕ್ರಿಮಿನಲ್ ಕಾನೂನು ತಿದ್ದುಪಡಿಯಲ್ಲಿ ಬಂದ ಈ ರಕ್ಷಣೆ, ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಬದಲು ಬಂದ ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಇದೆ. ಹತ್ತಿರದ ಕಿವುಡರ ಶಾಲೆಯ ಶಿಕ್ಷಕಿಯ ಫೋನ್ ಸಂಖ್ಯೆಯನ್ನು ಸಂಘ ಇಂದೇ ಬರೆದಿಟ್ಟುಕೊಳ್ಳಲಿ, ಬೇಕಾದ ದಿನ ಹುಡುಕಲು ಸಮಯ ಇರುವುದಿಲ್ಲ. ಮಹಿಳಾ ಸಹಾಯವಾಣಿ 181, ತುರ್ತು ಕರೆ 112, ಕಾನೂನು ನೆರವಿಗೆ 15100. ಆದಾಯ ಎಷ್ಟೇ ಇರಲಿ, ಹೆಂಗಸರಿಗೂ ಅಂಗವಿಕಲರಿಗೂ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ.

ಮನೆಯೊಳಗಿನ ಹಿಂಸೆಗೂ ಕಾನೂನಿದೆ. 2016ರ ಕಾಯ್ದೆಯ 92ನೆಯ ಕಲಮು ಅಂಗವಿಕಲರಿಗೆ ಬೇಕೆಂದೇ ಅನ್ನ, ನೀರು ಕೊಡದಿರುವುದನ್ನು ಅಪರಾಧವೆನ್ನುತ್ತದೆ. ಜನರ ಮುಂದೆ ಬೇಕೆಂದೇ ಅವಮಾನಿಸುವುದು, ಬೇಕೆಂದೇ ಸಲಕರಣೆ ಹಾಳು ಮಾಡುವುದು ಕೂಡ ಅದರಲ್ಲಿ ಸೇರಿದೆ. ಶಿಕ್ಷೆ ಆರು ತಿಂಗಳಿಂದ ಐದು ವರ್ಷದವರೆಗೆ, ಜೊತೆಗೆ ದಂಡ. ಅಂಗವಿಕಲ ಹೆಂಗಸಿನ ಸ್ಪಷ್ಟ ಒಪ್ಪಿಗೆಯಿಲ್ಲದೆ ಗರ್ಭಪಾತ ಮಾಡಿಸುವುದೂ ಇದೇ ಕಲಮಿನಡಿ ಅಪರಾಧ. ತೀವ್ರ ಅಂಗವೈಕಲ್ಯದ ಸಂದರ್ಭಕ್ಕೆ ಮಾತ್ರ, ವೈದ್ಯರ ಅಭಿಪ್ರಾಯ ಮತ್ತು ಪೋಷಕರ ಒಪ್ಪಿಗೆಯ ಮೇಲೆ, ಒಂದು ವಿನಾಯಿತಿ ಇದೆ.

ಆಸ್ತಿಯ ವಿಷಯದಲ್ಲಿ ಊರಿನಲ್ಲಿ ಒಂದು ಹಳೆಯ ಸುಳ್ಳು ಓಡಾಡುತ್ತದೆ: ಕಣ್ಣಿಲ್ಲದವಳಿಗೆ, ಬುದ್ಧಿ ಸಾಲದವಳಿಗೆ ಪಾಲಿಲ್ಲ ಎಂದು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 28ನೆಯ ಕಲಮು ರೋಗ, ಊನ, ಅಂಗವಿಕಾರದ ಕಾರಣಕ್ಕೆ ಯಾರಿಗೂ ಉತ್ತರಾಧಿಕಾರ ತಪ್ಪಿಸುವಂತಿಲ್ಲ ಎಂದು ಅಂದೇ ಹೇಳಿದೆ. ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಪಾಲು ಎಂಬುದು 2005ರ ತಿದ್ದುಪಡಿಯಿಂದ ದೇಶಕ್ಕೆಲ್ಲ ಅನ್ವಯಿಸಿದೆ. ಅಣ್ಣಂದಿರು ‘ಒಂದು ಸಹಿ ಹಾಕು’ ಎಂದು ಕಾಗದ ತಂದಾಗ, ‘ಸಂಘದಲ್ಲಿ ಓದಿಸಿಕೊಂಡು ಬರುತ್ತೇನೆ ಅಣ್ಣಾ’ ಎಂದು ಹೇಳಲು ಪ್ರತಿ ಸದಸ್ಯೆಗೂ ಕಲಿಸಿ. ನಮ್ಮ ತಾಲ್ಲೂಕಿನಲ್ಲಿ ಈ ಒಂದು ಮಾತಿನಿಂದ ಉಳಿದ ಜಮೀನು ಹಲವು ಎಕರೆ.

ಏಳನೆಯ ಹೆಜ್ಜೆ: ಒಕ್ಕೂಟ ಮತ್ತು ನೋಂದಣಿ

ಉಳಿತಾಯದ ಸಂಘಕ್ಕೆ ನೋಂದಣಿ ಬೇಕಾಗಿಲ್ಲ, ಬ್ಯಾಂಕ್ ಖಾತೆಗೆ ಠರಾವು ಸಾಕು. ಅಕ್ಕಪಕ್ಕದ ಊರುಗಳಲ್ಲಿ ಐದಾರು ಸಂಘಗಳಾದ ಮೇಲೆ ತಾಲ್ಲೂಕು ಒಕ್ಕೂಟ ಮಾಡಿಕೊಂಡು, ಅದನ್ನು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಿ. ಕನಿಷ್ಠ ಏಳು ಸದಸ್ಯರು, ಉದ್ದೇಶಗಳನ್ನು ಬರೆದ ಒಂದು ಮೆಮೊರಾಂಡಮ್, ನಿಯಮಗಳನ್ನು ಬರೆದ ಒಂದು ಬೈಲಾ ಬೇಕು. ಬೇರೆಯವರ ಬೈಲಾವನ್ನು ಹಾಗೆಯೇ ನಕಲು ಮಾಡಬೇಡಿ. ಪದಾಧಿಕಾರಿಗಳೆಲ್ಲ ಅಂಗವಿಕಲರೇ ಆಗಿರಬೇಕು, ಅವರಲ್ಲಿ ಅರ್ಧದಷ್ಟು ಹೆಂಗಸರಿರಬೇಕು, ಒಬ್ಬರು ಒಂದೇ ಹುದ್ದೆಯಲ್ಲಿ ಎರಡು ಅವಧಿಗಿಂತ ಹೆಚ್ಚು ಇರಬಾರದು ಎಂಬ ಮೂರು ಅಂಶಗಳನ್ನು ನಿಮ್ಮ ಮಾತಿನಲ್ಲಿ ಬರೆಸಿ. ನೋಂದಣಿಯಾದ ಮೇಲೆ ಪ್ರತಿ ವರ್ಷ ಸರ್ವಸದಸ್ಯರ ಸಭೆ ಮಾಡಿ, ಲೆಕ್ಕ ಪರಿಶೋಧನೆ ಮಾಡಿಸಿ, ವಿವರಗಳನ್ನು ನೋಂದಣಾಧಿಕಾರಿಗೆ ಸಲ್ಲಿಸಬೇಕು. ಒಂದೆರಡು ವರ್ಷ ತಪ್ಪಿದರೆ ಸರಿಪಡಿಸಲು ಬಹಳ ಅಲೆಯಬೇಕಾಗುತ್ತದೆ.

ಡಿಸೆಂಬರ್ 3ರ ಅಂಗವಿಕಲರ ದಿನಾಚರಣೆಗೆ ನಿಮ್ಮನ್ನು ಕರೆಯುತ್ತಾರೆ. ಶಾಲು ಹೊದಿಸುತ್ತಾರೆ, ಹಣ್ಣು ಕೊಡುತ್ತಾರೆ. ಹೋಗಿ. ಹೋಗುವಾಗ ಆ ವರ್ಷ ಉತ್ತರ ಬಾರದ ಮನವಿಗಳ ಪಟ್ಟಿಯನ್ನು, ಮನವಿ ಕೊಟ್ಟ ದಿನಾಂಕ ಸಹಿತ, ಎರಡು ಪ್ರತಿ ಮಾಡಿಸಿಕೊಂಡು ಹೋಗಿ. ಒಂದನ್ನು ವೇದಿಕೆಯ ಮೇಲಿರುವ ಅಧಿಕಾರಿಯ ಕೈಗೆ ಕೊಟ್ಟು, ಇನ್ನೊಂದರ ಮೇಲೆ ಅಲ್ಲೇ ಸಹಿ ಪಡೆಯಿರಿ. ಬಂದ ಹಣ್ಣಿನಲ್ಲಿ ಅರ್ಧವನ್ನು ಅಂದು ಬರಲಾಗದವರ ಮನೆಗೆ ಒಯ್ಯಿರಿ, ಮುಂದಿನ ಸಭೆ ಯಾರ ಪಡಸಾಲೆಯಲ್ಲಿ ಎಂದು ಅಲ್ಲಿಯೇ ಕೇಳಿಕೊಂಡು ಬನ್ನಿ.